ಏಕಾದಶಿಗೆ ಬಿದ್ದ ಎರಡನೆಯ ಗುಟುಕು

ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಕೇಳುವ ಬದಲು ಸುಳ್ಳು ಹೇಳಿದೆ. ಅದೂ ಯಾರಿಗೆ, ಅನ್ನ ಕಲಸಿ ಬಾಯಿಗಿಟ್ಟು ನನ್ನನ್ನು ಬೆಳೆಸಿದ ಅಕ್ಕನಿಗೆ. ಆಮೇಲೆ ತಪ್ಪಾಯಿತು ಅನ್ನುವುದಕ್ಕಾದರೂ ವರ್ಷಗಟ್ಟಲೆ ಸಮಯವಿತ್ತು. ಒಂದೇ ಮನೆ, ಒಂದೇ ಒಲೆ, ಎದುರಾ ಬದುರಾ ಕೂತು ಉಣ್ಣುವ ಇಬ್ಬರು. ಅದನ್ನೂ ಅನ್ನಲಿಲ್ಲ. ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಹೇಳಬೇಕಾದವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ಎಲ್ಲಾದರೂ ಇಡಬೇಕಲ್ಲ ಎಂದು ಬರೆಯುತ್ತಿದ್ದೇನೆ.

ಹೋದ ವಾರ ಕಾಲರಾ ಲಸಿಕೆ ಕುಡಿಯಲು ಬಾಲಿಗಂಜಿನ ದವಾಖಾನೆಗೆ ಹೋಗಿದ್ದೆ. ನೇಪಾಳದ ಮುಕ್ತಿನಾಥಕ್ಕೆ ಹೊರಟ ಯಾತ್ರೆಯ ಗುಂಪಿನಲ್ಲಿ ನನ್ನದೂ ಒಂದು ಸೀಟು ಇದೆ. ನರ್ಸಮ್ಮ ನೀಲಿ ಡಬ್ಬಿಯ ಮುಚ್ಚಳ ತೆಗೆದು, ಒಳಗಿನ ತಣ್ಣನೆಯ ಹೊಗೆಯಿಂದ ಹೆಬ್ಬೆರಳಿನಷ್ಟು ಬಾಟಲಿ ಎತ್ತಿದರು. ಅಲ್ಲಾಡಿಸಿ, ಬಾಯಿ ತೆರೆದು ಕೈಗೆ ಕೊಟ್ಟರು. ಮೂಗಿನ ಹತ್ತಿರ ತಂದಾಗ ವಾಸನೆ ಬಂತು. ಉಪ್ಪುಪ್ಪಾದ, ಹಸಿಹಸಿಯಾದ ಅದೇ ವಾಸನೆ...

"ಮೀನು ತೊಳದ ನೀರಿನ ಹಂಗ ನಾರ್ತದಲ್ಲೋ ಇದು!"

ಅಕ್ಕನ ದನಿ ಎಷ್ಟು ಹತ್ತಿರ ಕೇಳಿತೆಂದರೆ ತಿರುಗಿ ನೋಡಿದೆ. ಗೋಡೆಯ ಪಕ್ಕದ ಮರದ ಬೆಂಚು ಖಾಲಿಯಿತ್ತು. ಅವಳು ಕೂತಿದ್ದದ್ದು ಅದೇ ಬೆಂಚಿನ ಮೇಲೆ, ಸೆರಗಿನ ತುದಿಯನ್ನು ಮೂಗಿಗೆ ಹಿಡಿದುಕೊಂಡು.

ನಾವು ಧಾರವಾಡದ ಕಡೆಯವರು. ಪಾರ್ಕ್ ಸ್ಟ್ರೀಟಿನ ಹತ್ತಿರದ ಒಂದು ಕಚೇರಿಯ ಕ್ಯಾಂಟೀನಿನಲ್ಲಿ ಅಡಿಗೆಯವನಾಗಿ ನಾನು ಕೋಲ್ಕತ್ತಾಕ್ಕೆ ಬಂದೆ. ಮದುವೆ ಆಗಲಿಲ್ಲ. ಭಾವ ತೀರಿಕೊಂಡ ಮೇಲೆ ಅಕ್ಕನಿಗೆ ಮಕ್ಕಳಿಲ್ಲದ್ದರಿಂದ ನನ್ನ ಹತ್ತಿರ ಬಂದಳು. ಬಾಲಿಗಂಜ್ ಸ್ಟೇಷನ್ನಿನ ಸಪ್ಪಳ ಕೇಳುವ ಒಂದು ಹಳೆಯ ಮನೆಯ ಕೆಳಗಿನ ಎರಡು ಕೋಣೆಯಲ್ಲಿ ನಮ್ಮ ಸಂಸಾರ. ಇಡೀ ದಿನ ನೂರಾರು ಮಂದಿಗೆ ಬೇಯಿಸಿ ಬರುವ ನನಗೆ ಅವಳ ಅಡಿಗೆಮನೆಗೆ ಪ್ರವೇಶವಿರಲಿಲ್ಲ. "ಹೊರಗಿನ ಕೈಲೆ ನನ್ನ ಪಾತ್ರಿ ಮುಟ್ಟಬ್ಯಾಡ" ಎನ್ನುತ್ತಿದ್ದಳು. ಅಡಿಗೆ ಮಾಡಿ ಹೊಟ್ಟೆ ಹೊರೆಯುವವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೆ?

ಅವಳ ಹಟಕ್ಕೆ ನನಗೆ ಸಾಕುಸಾಕಾಗಿ ಹೋಗುತ್ತಿತ್ತು. ನಳದ ನೀರು ಅರಿವೆಯಲ್ಲಿ ಸೋಸಬೇಕು, ಕಾಯಿಸಬೇಕು, ಆರಿಸಬೇಕು, ಆಮೇಲೆ ಮತ್ತೆ ಸೋಸಬೇಕು. ಬಂಗಾಳಿಗಳ ಮಿಠಾಯಿ ಚಂದ, ಆದರೆ ಮಾಡಿದವರು ಸ್ನಾನ ಮಾಡಿದ್ದರೋ ಇಲ್ಲವೋ. ಟ್ರಾಮಿನಲ್ಲಿ ಕೂತು ಬಂದರೆ ಸೀರೆ ಒಗೆಯಬೇಕು. ಎಲ್ಲಕ್ಕಿಂತ ಮೇಲೆ ಏಕಾದಶಿ. ಪಕ್ಷಕ್ಕೊಮ್ಮೆ, ಹನಿ ನೀರೂ ಇಲ್ಲದೆ. ಏಪ್ರಿಲ್ ತಿಂಗಳ ಕೋಲ್ಕತ್ತಾದ ಬೇಗೆಯಲ್ಲಿ ಫ್ಯಾನಿನ ಕೆಳಗೆ ಒದ್ದೆ ಟವೆಲ್ ಹೊದ್ದು ಮಲಗಿರುತ್ತಿದ್ದಳು, ತುಟಿ ಬಿಳುಚಿಕೊಂಡು. ಒಂದು ಗುಟುಕು ಕುಡಿ ಅಂದರೆ, "ಸಣ್ಣಾಕಿ ಇದ್ದಾಗಿಂದ ಬಿಟ್ಟಿಲ್ಲ, ಈಗ ನಿನ್ನ ಮಾತು ಕೇಳಿ ಬಿಡಲ್ಯಾ?" ಎಂದು ಗೋಡೆಯ ಕಡೆ ಹೊರಳುತ್ತಿದ್ದಳು.

ಆ ಏಕಾದಶಿ ಯಾವತ್ತು ಎಂದು ಹೇಳುವ ಕೆಲಸ ನನ್ನದು. ನಮ್ಮ ಮಠದ ಕ್ಯಾಲೆಂಡರ್ ಪ್ರತಿ ವರ್ಷ ಊರಿನಿಂದ ಅಂಚೆಯಲ್ಲಿ ಬರುತ್ತಿತ್ತು. ಅಕ್ಕನ ಕಣ್ಣಿಗೆ ಆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಸುಮಾರಾಗಿ ಎಣಿಸುವುದು ಅವಳಿಗೂ ಬರುತ್ತಿತ್ತು. ಆದರೆ ನಮ್ಮವರಲ್ಲಿ ಒಂದು ತೊಡಕಿದೆ. ಬೆಳಕು ಹರಿಯುವ ಮೊದಲು ದಶಮಿ ಚೂರು ಸೋಂಕಿದ್ದರೂ ಉಪವಾಸ ಮರುದಿನಕ್ಕೆ ಹೋಗುತ್ತದೆ. ಇವತ್ತೋ ನಾಳೆಯೋ ಎನ್ನುವುದನ್ನು ಬೆರಳು ಮಡಿಸಿ ಹೇಳಲಾಗದು, ಕ್ಯಾಲೆಂಡರೇ ಹೇಳಬೇಕು. ಕ್ಯಾಲೆಂಡರ್ ಹೇಳುವುದನ್ನು ನಾನು ಹೇಳಬೇಕು. ನಾನು ಇವತ್ತು ಅಂದರೆ ಇವತ್ತು, ನಾಳೆ ಅಂದರೆ ನಾಳೆ. ನನ್ನ ಪಾತ್ರೆ ಮುಟ್ಟಬೇಡ ಅನ್ನುವವಳು ಈ ಒಂದು ವಿಷಯದಲ್ಲಿ ನನ್ನನ್ನು ಕಣ್ಣುಮುಚ್ಚಿ ನಂಬಿದ್ದಳು.

ಮುಕ್ತಿನಾಥಕ್ಕೆ ಹೋಗಬೇಕು ಎನ್ನುವುದು ಭಾವ ಇದ್ದಾಗಿನ ಆಸೆ. ಅಲ್ಲಿಯ ಗಂಡಕಿ ನದಿಯಲ್ಲಿ ಸಾಲಿಗ್ರಾಮ ಸಿಗುತ್ತವೆ. ಭಾವ ಪೂಜೆ ಮಾಡುತ್ತಿದ್ದ ಸಾಲಿಗ್ರಾಮವನ್ನು ಅದು ಹುಟ್ಟಿದ ನೀರಿನಲ್ಲಿ ಒಮ್ಮೆ ಅದ್ದಿ ತರಬೇಕು ಎಂದು ಅವಳ ಹಂಬಲ. ಕೊನೆಗೂ ಅವಕಾಶ ಬಂತು. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಕಡೆಯ ರಾಯರೊಬ್ಬರು ಕೋಲ್ಕತ್ತಾದ ಕನ್ನಡದ ಮನೆಗಳನ್ನೆಲ್ಲ ಕೂಡಿಸಿ ಒಂದು ಯಾತ್ರೆ ಹೊರಡಿಸಿದರು. ಹಿಂದಿನ ಸಲ ಅವರು ಕರೆದುಕೊಂಡು ಹೋದಾಗ ದಾರಿಯ ನೀರು ಕುಡಿದು ಅರ್ಧ ಗುಂಪು ಹಾಸಿಗೆ ಹಿಡಿದಿತ್ತಂತೆ. ಹಾಗಾಗಿ ಈ ಸಲ ಒಂದು ಷರತ್ತು. ಕಾಲರಾ ಲಸಿಕೆಯ ಎರಡೂ ಡೋಸ್ ಕುಡಿಯದವರಿಗೆ ಸೀಟಿಲ್ಲ.

"ನಮ್ಮ ಬಸ್ಸಿನ್ಯಾಗ ಭಕ್ತಿ ಕಡಿಮಿ ಇದ್ರೂ ನಡೀತದ. ಲಸಿಕಿ ಇರಲಿಕ್ಕೇ ಬೇಕು" ಎಂದು ರಾಯರು ನಮ್ಮ ಮನೆಗೇ ಬಂದು ಹೇಳಿದರು.

"ನಾ ಹೊರಗಿನ ನೀರು ಮುಟ್ಟೋದೇ ಇಲ್ಲ. ನನಗ್ಯಾಕ್ರಿ ಅದು?" ಎಂದಳು ಅಕ್ಕ.

"ಅಲ್ಲೆ ಜಳಕಾ ಮಾಡೂ ಮುಂದ ಬಾಯಾಗ ನೀರು ಹೋಗಂಗಿಲ್ಲೇನ್ರಿ? ವಾಂತಿಭೇದಿಗೆ ಮಡಿ ಮೈಲಿಗಿ ಗೊತ್ತಿಲ್ಲರಿ ಅಕ್ಕಾರ."

ರಾಯರು ಹೋದ ಮೇಲೆ ಅಕ್ಕ ಒಂದು ತಾಸು ಗೊಣಗಿದಳು. ಆದರೂ ಒಪ್ಪಿದಳು, ಆಸೆ ಅಷ್ಟಿತ್ತು.

ಮೊದಲ ಡೋಸಿಗೆ ಹೋದದ್ದು ಒಂದು ದ್ವಾದಶಿಯ ಬೆಳಿಗ್ಗೆ. ಹಿಂದಿನ ದಿನದ ಉಪವಾಸ ಮುರಿದು, ಉಂಡು, ಬಂದಿದ್ದಳು. ನಾನು ಕ್ಯಾಂಟೀನಿನಲ್ಲಿ ಹುಳಿ ಕುದಿಯಲು ಇಟ್ಟು, ಇನ್ನೊಬ್ಬನಿಗೆ ನೋಡಿಕೋ ಎಂದು ಹೇಳಿ, ಓಡಿ ಬಂದಿದ್ದೆ. ದವಾಖಾನೆಯಲ್ಲಿ ಅವಳು ತನಿಖೆ ಶುರು ಮಾಡಿದಳು. ಇದರಲ್ಲಿ ಮೀನಿನದೇನಾದರೂ ಇದೆಯೇ? ಮುಟ್ಟಿದವರು ಯಾರು? ನರ್ಸಮ್ಮ ಬಾಟಲಿಯನ್ನು ಬಾಯಿಗೆ ಇಡಲು ಬಂದರೆ, ತುಟಿ ಸೋಂಕಬಾರದು, ಎತ್ತಿ ಹಾಕಿಕೊಳ್ಳುತ್ತೇನೆ ಎಂದು ಕೈ ಚಾಚಿದಳು. ಎತ್ತಿ ಹಾಕಿಕೊಳ್ಳುವಾಗ ಎರಡು ಹನಿ ಗದ್ದಕ್ಕೆ ಬಿತ್ತು.

"ಮಾಶಿಮಾ, ಇದು ತೀರ್ಥ ಅಲ್ಲ, ಪೂರ್ತಿ ಹೊಟ್ಟೆಗೆ ಹೋಗಬೇಕು" ಎಂದು ನರ್ಸಮ್ಮ, ಬಂಗಾಳಿಯಲ್ಲಿ ಚಿಕ್ಕಮ್ಮಾ ಎಂದು ಕರೆದು, ನಗುತ್ತಲೇ ಗದರಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಎರಡು ವಾರ ಬಿಟ್ಟು ಇದೇ ವಾರ ಬನ್ನಿ ಎಂದರು ನರ್ಸಮ್ಮ. ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಬೆಂಚಿನ ಮೇಲೆ ಕೂತಲ್ಲೇ ಬೆರಳು ಮಡಿಸತೊಡಗಿದಳು.

"ಇವತ್ತು ದ್ವಾದಶಿ. ಇಲ್ಲಿಂದ ಎರಡು ವಾರಕ್ಕ ಅಂದ್ರ... ಏಕಾದಶಿಗೆ ಬಿದ್ದೀತು, ಕ್ಯಾಲೆಂಡರ್ ನೋಡೀಯೇನೋ?"

"ನೋಡೀನಿ. ದಶಮಿ ಅದ."

"ಖರೇನ ನೋಡೀಯಿಲ್ಲೋ?"

"ನೋಡೀನಿ ಅಂದ್ನೆಲ್ಲ! ಎದ್ದೇಳು, ಅಲ್ಲೆ ನನ್ನ ಹುಳಿ ತಳ ಹತ್ತಲಿಕತ್ತದ."

ನೋಡಿರಲಿಲ್ಲ. ಮನೆಗೆ ಹೋಗಿ ನೋಡಿದರಾಯಿತು ಅಂದುಕೊಂಡೆ. ಮನೆಗೆ ಹೋದ ಮೇಲೂ ನೋಡಲಿಲ್ಲ. ಆಮೇಲೆ ಮರೆತೇಬಿಟ್ಟೆ.

ಎರಡನೆಯ ಡೋಸಿನ ಹಿಂದಿನ ಸಂಜೆ ಅಕ್ಕ ಹೊರಗಿನ ಕೋಣೆಗೆ ಬಂದು, "ಏಕಾದಶಿ ನಾಳೆನೋ ನಾಡದೋ ನೋಡು" ಎಂದಳು. ನಾನು ಎದ್ದು ಕ್ಯಾಲೆಂಡರ್ ಮುಂದೆ ನಿಂತೆ. ನಾಳೆಯ ಚೌಕದಲ್ಲಿ ಕೆಂಪು ಅಕ್ಷರ. ಏಕಾದಶಿ. ದಶಮಿಯ ಸೋಂಕು ಇಲ್ಲ, ಗೊಂದಲವಿಲ್ಲ, ಶುದ್ಧ ಏಕಾದಶಿ. ಅವಳ ಕಡೆ ತಿರುಗದೆಯೇ, ಸುಮ್ಮನೆ ಕೇಳುವವನ ಹಾಗೆ ಕೇಳಿದೆ.

"ಅಲ್ಲ ಅಕ್ಕಾ, ಔಷಧಕ್ಕ ದೋಷ ಇಲ್ಲ ಅಂತಾರಲ್ಲ? ಉಪವಾಸದ ದಿನ ಗುಳಿಗಿ ನುಂಗ್ತಾರ ಎಷ್ಟೋ ಮಂದಿ."

"ಜಡ್ಡು ಇದ್ದವರು ನುಂಗ್ತಾರ."

"ಲಸಿಕೀನೂ ಔಷಧನ ಅಲ್ಲೇನು?"

"ನನಗೇನು ಜಡ್ಡು ಬಂದದ? ಬರಲಾರದ ಜಡ್ಡಿಗೆ ಕುಡಿಯೋದು ಔಷಧ ಹೆಂಗಾತು? ಹಸಿವು ಆಗೂ ಮೊದಲ ಉಂಡಂಗ." ಆಮೇಲೆ ಅನುಮಾನದಿಂದ, "ಯಾಕ, ನಾಳೆನ ಏನು?" ಎಂದಳು.

ಹೌದು ಅಂದರೆ, ನೋಡದೆಯೇ ನೋಡಿದೆ ಅಂದಿದ್ದೆ ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಇವಳು ಕುಡಿಯುವುದಿಲ್ಲ. ಕುಡಿಯದಿದ್ದರೆ ರಾಯರು ಕರೆದೊಯ್ಯುವುದಿಲ್ಲ. ಇಷ್ಟು ವರ್ಷದ ಆಸೆ ನನ್ನಿಂದ ಮುರಿಯಿತು ಎಂದು ಜನ್ಮವಿಡೀ ಕೇಳಬೇಕು. ನರ್ಸಮ್ಮನಿಗೆ ಹೋಗಿ, ಒಂದು ದಿನ ತಡವಾಗಿ ಬಂದರೆ ನಡೆಯುತ್ತದೆಯೇ ಎಂದು ಕೇಳಬಹುದಿತ್ತು. ಹೊರಡಲು ಇನ್ನೂ ಸಾಕಷ್ಟು ದಿನಗಳಿದ್ದವು. ಆದರೆ ಅಕ್ಕನಿಗೆ ಕ್ಯಾಲೆಂಡರಿನ ದಿನ ಎಷ್ಟು ಗಟ್ಟಿಯೋ, ನನ್ನಂಥ ಓದದವನಿಗೆ ಬಿಳಿ ಕೋಟಿನವರು ಹೇಳಿದ ದಿನ ಅಷ್ಟೇ ಗಟ್ಟಿ. ಅದನ್ನು ಹಿಂದೆ ಮುಂದೆ ಮಾಡಬಹುದು ಎಂದು ತೋಚಲೇ ಇಲ್ಲ. ತೋಚಿದ್ದರೂ ಕೇಳುತ್ತಿದ್ದೆನೋ ಇಲ್ಲವೋ. ಮೊನ್ನೆ ತಾನೇ ನಗೆಗೀಡಾಗಿದ್ದೆವು. ಈಗ ಮತ್ತೆ ಹೋಗಿ, ಮುರುಕು ಬಂಗಾಳಿಯಲ್ಲಿ ಏಕಾದಶಿಯ ಪುರಾಣ ಹೇಳುವುದೇ?

"ಇಲ್ಲ. ನಾಳೆ ದಶಮಿ ಸೋಂಕು ಅದ. ನಮ್ಮದು ನಾಡದು" ಎಂದೆ.

"ಹಂಗೇನು? ಬರೋಬರಿ ಆತು" ಎಂದಳು ಅಕ್ಕ. ಅವಳ ಮುಖದ ಮೇಲೆ ಬಂದ ನಿಶ್ಚಿಂತೆ... ಅದನ್ನು ನಾನು ನೋಡಬಾರದಿತ್ತು.

ಮರುದಿನ ಹೊರಡುವಾಗ ಮೆಟ್ಟಿಲ ಹತ್ತಿರ ತಡೆದು ನಿಂತಳು. ಮೇಲಿನ ಮನೆಯ ಬಂಗಾಳಿ ಅಜ್ಜಿ ಬಾಲ್ಕನಿಯಲ್ಲಿ ಜಪಮಾಲೆ ಹಿಡಿದು ಕೂತಿದ್ದರು.

"ಮ್ಯಾಲಿನವರು ಇವತ್ತ ಉಪವಾಸ ಇದ್ದಂಗ ಅದಲ್ಲೋ?"

"ಅವರ ಪಂಚಾಂಗ ಬ್ಯಾರೆ ಅಕ್ಕಾ. ಅವರಿಗೆ ಇವತ್ತು, ನಮಗ ನಾಳೆ. ನಡಿ."

ನಡೆದಳು. ದವಾಖಾನೆಯಲ್ಲಿ ಈ ಸಲ ತಕರಾರು ಮಾಡಲಿಲ್ಲ. ತಲೆ ಹಿಂದೆ ಬಾಗಿಸಿ, ಒಂದು ಹನಿಯೂ ಚೆಲ್ಲದಂತೆ ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ ನುಂಗಿದಳು. "ಶಾಬಾಶ್ ಮಾಶಿಮಾ" ಎಂದರು ನರ್ಸಮ್ಮ. ಅಕ್ಕ ನಾಚಿಕೊಂಡಳು. ಮನೆಗೆ ಬಂದು ಅನ್ನ ಸಾರು ಮಾಡಿ ಉಂಡಳು. ಹುಟ್ಟಿ ಬುದ್ಧಿ ಬಂದಾಗಿನಿಂದ ಏಕಾದಶಿಯಂದು ಅನ್ನದ ಅಗುಳು ಮುಟ್ಟದವಳು, ನನ್ನೆದುರು ಕೂತು, ಉಪ್ಪು ಜಾಸ್ತಿ ಆತೇನೋ ಅನ್ನುತ್ತ ಉಂಡಳು. ಅದರ ಮರುದಿನ, ಜನ ಉಪವಾಸ ಮುರಿಯುವ ದಿನ, ಹನಿ ನೀರು ಕುಡಿಯದೆ ಫ್ಯಾನಿನ ಕೆಳಗೆ ಮಲಗಿದಳು. ನಾನು ಕ್ಯಾಂಟೀನಿಗೆ ಬೇಗ ಹೋಗಿ ತಡವಾಗಿ ಬಂದೆ.

ಯಾತ್ರೆ ಆಯಿತು. ನನಗೆ ರಜೆ ಇರಲಿಲ್ಲ, ಅಕ್ಕ ಗುಂಪಿನೊಂದಿಗೆ ಹೋಗಿ ಬಂದಳು. ಹೌರಾದಿಂದ ರೈಲು, ಆಮೇಲೆ ಬಸ್ಸು, ಆಮೇಲೆ ಜೀಪು. ಗುಂಪಿನಲ್ಲಿ ಒಂದಿಬ್ಬರಿಗೆ ಹೊಟ್ಟೆ ಕೆಟ್ಟಿತಂತೆ, ಅಕ್ಕನಿಗೆ ಏನೂ ಆಗಲಿಲ್ಲ. ಲಸಿಕೆಯಿಂದಲೋ, ಅವಳು ಹೊತ್ತುಕೊಂಡು ಹೋಗಿದ್ದ ಕಾಯಿಸಿದ ನೀರಿನ ಚೊಂಬಿನಿಂದಲೋ ನನಗೆ ಗೊತ್ತಿಲ್ಲ. ಸಾಲಿಗ್ರಾಮವನ್ನು ಗಂಡಕಿಯಲ್ಲಿ ಅದ್ದಿ ತಂದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು, ಕಣ್ಣು ಹೊಳೆಯುತ್ತಿದ್ದವು. ಅಲ್ಲಿಯ ಬೆಟ್ಟ, ಗಾಳಿ, ಸಾಲಾಗಿ ಸುರಿಯುವ ತಣ್ಣೀರಿನ ಧಾರೆಗಳು, ಎಲ್ಲ ಹೇಳಿದಳು. ನಾನು ನೆಮ್ಮದಿಯ ಉಸಿರು ಬಿಟ್ಟೆ. ಸುಳ್ಳು ದಡ ಸೇರಿತ್ತು.

ಬಂದ ಮೇಲಿನ ಮೊದಲ ಏಕಾದಶಿಗೆ ಅವಳು ನನ್ನನ್ನು ದಿನ ಕೇಳಲಿಲ್ಲ. ನಾನೇ ಹೇಳಿದೆ, "ನಾಳೆ ಅಕ್ಕಾ." ಹ್ಞೂಂ ಎಂದಳು. ಮರುದಿನ ಉಪವಾಸವಿದ್ದಳು. ಅದರ ಮರುದಿನ ಬೆಳಿಗ್ಗೆ ಒಲೆ ಹಚ್ಚಲಿಲ್ಲ.

"ಯಾಕಕ್ಕಾ, ಇವತ್ತು ಪಾರಣಿ ಅಲ್ಲೇನು?"

"ಇವತ್ತೂ ಹಿಡೀತೀನಿ."

"ಎರಡೂ ದಿನಾ ಯಾಕ?"

"ಎರಡರಾಗ ಒಂದರೆ ಖರೇದು ಇರ್ತದಲ್ಲ" ಎಂದಳು. ನನ್ನ ಮುಖ ನೋಡಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಯಾತ್ರೆಯಲ್ಲಿ ನಮ್ಮದೇ ಮಠದ ಹೆಂಗಸರು ಇದ್ದರು. ಮಾತಿಗೆ ಮಾತು ಬಂದು, ಅಕ್ಕ ಲಸಿಕೆ ಕುಡಿದ ವಾರದ ಏಕಾದಶಿ ಯಾವತ್ತು ಬಿದ್ದಿತ್ತು ಎನ್ನುವುದು ಬಂದಿರಬೇಕು. ಅಷ್ಟು ಸಾಕಲ್ಲವೇ? ಬೈದಿದ್ದರೆ, ಅತ್ತಿದ್ದರೆ, ತಟ್ಟೆ ಎಸೆದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ. ನಿನಗಾಗೇ ಹೇಳಿದ್ದು, ಹೋಗಿ ಬಂದೀಯಲ್ಲ ಸುಖವಾಗಿ, ಎಂದು ಕೂಗುತ್ತಿದ್ದೆ. ಅವಳು ಅದಕ್ಕೂ ಎಡೆ ಕೊಡಲಿಲ್ಲ. ಪಕ್ಷಕ್ಕೆ ಒಂದು ದಿನದ ಜಾಗದಲ್ಲಿ ಎರಡು ದಿನ ಹಿಡಿಯತೊಡಗಿದಳು, ಅಷ್ಟೇ. ಹೇಳಿದರೆ ಕೇಳುವವಳಲ್ಲ. ರಾಯರಿಂದ ಹೇಳಿಸಲೇ ಅಂದುಕೊಂಡರೆ, ಯಾಕೆ ಎರಡು ದಿನ ಎಂದು ರಾಯರು ಕೇಳಿದರೆ ಏನು ಹೇಳಲಿ? ಮನೆಯಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು. ವರ್ಷ ವರ್ಷ ಹೊಸದು ಬರುತ್ತಿತ್ತು. ಅವಳು ಅದರ ಕಡೆ ಕತ್ತೆತ್ತುತ್ತಿರಲಿಲ್ಲ.

ಒಂದು ಸಲ ಮಾತ್ರ, ಅದೂ ಎರಡನೆಯ ದಿನದ ಉಪವಾಸದಲ್ಲಿ ಮಲಗಿದ್ದಾಗ, ತಾನಾಗಿ ಹೇಳಿದಳು. "ನೀನೂ ಒಮ್ಮೆ ಮುಕ್ತಿನಾಥಕ್ಕ ಹೋಗಿ ಬಾ. ಆ ತಣ್ಣೀರು ತಲಿ ಮ್ಯಾಲೆ ಬಿದ್ರ ಒಳಗ ಇದ್ದದ್ದು ಬಾಯಿಗೆ ಬರ್ತದ." ನನಗಾಗಿ ಬಾಗಿಲು ತೆರೆದಿಟ್ಟಿದ್ದಳು. ನಾನು ಚಹಾ ಕುಡಿದು ಬರುತ್ತೇನೆಂದು ಎದ್ದು ಬೀದಿಗೆ ಹೋದೆ.

ಆಮೇಲೊಂದು ಚಳಿಗಾಲ ಅವಳಿಗೆ ಜ್ವರ ಬಂತು. ಬಿಡಲಿಲ್ಲ. ಮೈಯಲ್ಲಿ ಶಕ್ತಿಯೇ ಇಲ್ಲ, ಸರಿಯಾಗಿ ಊಟ ಮಾಡುತ್ತಾರೆಯೇ ಎಂದು ಡಾಕ್ಟರು ಕೇಳಿದರು. ಉಪವಾಸವಿರುತ್ತಾಳೆ ಎಂದೆ. ಎಷ್ಟು ದಿನ? ಪಕ್ಷಕ್ಕೆ ಎರಡು ದಿನ. ಡಾಕ್ಟರು ಹುಬ್ಬೇರಿಸಿದರು. "ನಮ್ಮಲ್ಲಿ ಹಾಗೆಯೇ ಪದ್ಧತಿ" ಎಂದೆ. ಮಂಚದ ಮೇಲೆ ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ಹಿಂದಿಯಲ್ಲಿ ಆಡಿದ ಮಾತು ಅವಳಿಗೆ ತಿಳಿಯಿತೋ ಇಲ್ಲವೋ. ಆ ವಾರವೇ ಹೋದಳು. ಉಪವಾಸದಿಂದ ಹೋದಳು ಎಂದು ಡಾಕ್ಟರು ಹೇಳಲಿಲ್ಲ. ವಯಸ್ಸು ಅಂದರು, ಎದೆಯಲ್ಲಿ ಕಫ ಅಂದರು. ಅದನ್ನು ನಂಬಿಕೊಂಡು ಇರಬಹುದು. ನಾನು ಪ್ರಯತ್ನಪಟ್ಟಿದ್ದೇನೆ.

ಈಗ ನನಗೂ ಕ್ಯಾಂಟೀನಿನ ಕೆಲಸ ಸಾಕಾಯಿತು, ಬಿಟ್ಟಿದ್ದೇನೆ. ರಾಯರು ಮುದುಕರಾಗಿದ್ದಾರೆ, ಆದರೂ ಇದೇ ಕೊನೆಯದು ಎಂದು ಇನ್ನೊಂದು ಯಾತ್ರೆ ಹೊರಡಿಸಿದ್ದಾರೆ. ಷರತ್ತು ಅದೇ. ಹಾಗಾಗಿ ಹೋದ ವಾರ ಆ ದವಾಖಾನೆಗೆ ಹೋದದ್ದು, ಆ ವಾಸನೆಯ ಬಾಟಲಿ ಹಿಡಿದು ನಿಂತದ್ದು. ನರ್ಸಮ್ಮ ಬೇರೆಯವರು, ಚಿಕ್ಕವರು. ನಾನೂ ತಲೆ ಹಿಂದೆ ಬಾಗಿಸಿ, ತುಟಿ ಸೋಂಕದಂತೆ ಎತ್ತಿ ಹಾಕಿಕೊಂಡೆ. ನನಗೆ ಮಡಿಯೂ ಇಲ್ಲ, ಮಣ್ಣೂ ಇಲ್ಲ. ಆದರೂ ಕೈ ತಾನಾಗಿ ಮೇಲೆ ಹೋಯಿತು.

"ಎರಡು ವಾರ ಬಿಟ್ಟು ಇದೇ ವಾರ ಬನ್ನಿ ದಾದಾ" ಎಂದರು.

ಹೊರಡಬೇಕಿತ್ತು. ಬದಲಿಗೆ "ಆ ದಿನ ಏಕಾದಶಿ ಬಿದ್ದರೆ?" ಎಂದು ಕೇಳಿದೆ, ಬಂಗಾಳಿಯಲ್ಲೇ. ಇಷ್ಟು ವರ್ಷಕ್ಕೆ ಬಂಗಾಳಿ ನೆಟ್ಟಗಾಗಿದೆ, ಕೇಳಬೇಕಾದಾಗ ಆಗಿರಲಿಲ್ಲ.

ಆ ಹುಡುಗಿ ನಗಲಿಲ್ಲ. "ಉಪವಾಸ ಇರ್ತೀರಾ? ಹಾಗಾದ್ರೆ ಮರುದಿನ ಬನ್ನಿ. ಅದರ ಮರುದಿನ ಬಂದ್ರೂ ಆಯ್ತು. ಎರಡು ವಾರಕ್ಕಿಂತ ಮೊದಲು ಬರಬಾರದು, ಅಷ್ಟೇ" ಎಂದಳು. ಡಬ್ಬಿಯ ಮುಚ್ಚಳ ಒತ್ತುತ್ತ, "ನಮ್ಮ ಅಜ್ಜಿಯೂ ಏಕಾದಶಿಗೆ ಹನಿ ನೀರು ಮುಟ್ಟುತ್ತಿರಲಿಲ್ಲ. ಇಂಥ ಅಜ್ಜಿಯರು ಇಲ್ಲಿಗೆ ಎಷ್ಟು ಜನ ಬರುತ್ತಾರೆ ಗೊತ್ತೇ? ನಾವೇ ದಿನ ನೋಡಿ ಕರೆಯುತ್ತೇವೆ" ಎಂದಳು.

ಮರುದಿನ ಬನ್ನಿ. ಇಷ್ಟೇ. ಈ ಊರಿನ ಅಜ್ಜಿಯರು ಏಕಾದಶಿ ಹಿಡಿಯುತ್ತಾರೆಂದು ನನಗೆ ಗೊತ್ತಿರಲಿಲ್ಲವೇ? ನಮ್ಮ ಮೇಲಿನ ಮನೆಯ ಬಾಲ್ಕನಿಯಲ್ಲೇ ಒಬ್ಬರು ಜಪಮಾಲೆ ಹಿಡಿದು ಕೂತಿರುತ್ತಿದ್ದರು. ಅವರನ್ನು ತೋರಿಸಿಯೇ ನಾನು ಸುಳ್ಳು ಹೇಳಿದ್ದೆ. ಅಕ್ಕನ ಹಟಕ್ಕೆ ಸಾಕಾಗಿತ್ತು ಎಂದು ಮೇಲೆ ಬರೆದೆನಲ್ಲ, ಅವಳ ಹಟ ಒಬ್ಬರಿಗೂ ತೊಂದರೆ ಕೊಡದೆ ಒಂದು ದಿನ ಮುಂದಕ್ಕೆ ಹೋಗಿ ಮುಗಿಯುತ್ತಿತ್ತು. ಬಾಯಿ ಬಿಡದೆ ಕೂತ ಹಟ ನನ್ನದು.

ಬೆಂಚಿನ ಮೇಲೆ ಹೋಗಿ ಕೂತೆ, ಅವಳು ಕೂತ ತುದಿಯನ್ನು ಖಾಲಿ ಬಿಟ್ಟು. ಮುಕ್ತಿನಾಥದ ತಣ್ಣೀರು ತಲೆಯ ಮೇಲೆ ಬೀಳುವವರೆಗೆ ಕಾಯುವುದು ನನ್ನಿಂದಾಗಲಿಲ್ಲ. ಬಾಯಲ್ಲಿ ಇನ್ನೂ ಆ ಉಪ್ಪು ವಾಸನೆ ಇತ್ತು. ಸುತ್ತಲಿದ್ದವರಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಬಲ್ಲವಳು ಇರಲಿಲ್ಲ. ಆದರೂ ಗಟ್ಟಿಯಾಗಿಯೇ ಹೇಳಿದೆ.

"ಅಕ್ಕಾ, ಅವತ್ತ ಏಕಾದಶಿ ಇತ್ತು. ನಾ ಕ್ಯಾಲೆಂಡರ್ ನೋಡಿಯೂ ಸುಳ್ಳು ಹೇಳಿದೆ. ನಿನಗ ಅನ್ನ ಉಣ್ಣಿಸಿದೆ. ತಪ್ಪಾತು ಅಕ್ಕಾ. ನಂದು ತಪ್ಪಾತು."